ನಮ್ಮ ಗಿಡಗಳ ಉತಾರ ಎಲ್ಲಿದೆ? ಬೊಟಾನಿಕಲ್ ಸರ್ವೆ ನಿರ್ದೇಶಕರಿಗೆ ಗದಗದಿಂದ ಒಂದು ಬಹಿರಂಗ ಪತ್ರ

ಮಾನ್ಯ ನಿರ್ದೇಶಕರು,
ಬೊಟಾನಿಕಲ್ ಸರ್ವೆ ಆಫ್ ಇಂಡಿಯಾ,
ಕೋಲ್ಕತ್ತಾ.

ಸನ್ಮಾನ್ಯರೇ, ಸಾದರ ವಂದನೆಗಳು.

ಗದಗ ಮತ್ತು ಧಾರವಾಡದ ಕಡೆಯ ಪದವಿ ಕಾಲೇಜುಗಳಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾಗಿರುವ ನಾನು ಈ ಪತ್ರವನ್ನು ಎರಡು ಕೋರಿಕೆಗಳಿಗಾಗಿ ಬರೆಯುತ್ತಿದ್ದೇನೆ. ಮೊದಲನೆಯದು, ತಮ್ಮ ಸುಪರ್ದಿನಲ್ಲಿರುವ ರಾಷ್ಟ್ರೀಯ ಹರ್ಬೇರಿಯಂಗಳಿಗೆ, ಅಂದರೆ ಒಣಗಿಡಗಳ ಸಂಗ್ರಹಾಲಯಗಳಿಗೆ, ಧಾರವಾಡ, ಗದಗ, ಹಾವೇರಿ ಸೀಮೆಯಿಂದ ಹೋಗಿ ಸೇರಿರುವ ಒಣಗಿಡಗಳ ಹಾಳೆಗಳು ಈ ಸೀಮೆಯವರು ಹುಡುಕಿದಾಗ ಸಿಗುವಂತಾಗಬೇಕು. ಎರಡನೆಯದು, ನಮ್ಮ ಕಾಲೇಜುಗಳ ಕಪಾಟುಗಳಲ್ಲಿ ಹುಳು ತಿನ್ನುತ್ತಿರುವ ಹಾಳೆಗಳನ್ನು, ಅವು ರದ್ದಿಗೆ ಹೋಗುವ ಮೊದಲು, ತಮ್ಮ ಸಂಸ್ಥೆಯವರು ಬಂದು ನೋಡಿ, ಉಳಿಸಬೇಕಾದವನ್ನು ವಶಕ್ಕೆ ತೆಗೆದುಕೊಳ್ಳಬೇಕು. ಎರಡನೆಯ ಕೋರಿಕೆ ತಮ್ಮೊಬ್ಬರಿಂದ ಈಡೇರುವಂಥದಲ್ಲ. ಈ ಮೂರು ಜಿಲ್ಲೆಗಳ ಪ್ರಾಚಾರ್ಯರು, ಆಡಳಿತ ಮಂಡಳಿಯವರು, ನನ್ನ ಹಳೆಯ ವಿದ್ಯಾರ್ಥಿಗಳು ಕೂಡ ಓದಲೆಂದೇ ಪತ್ರವನ್ನು ಬಹಿರಂಗವಾಗಿ ಬರೆದಿದ್ದೇನೆ.

ಹರ್ಬೇರಿಯಂ ಎಂಬ ಮಾತನ್ನು ಕೇಳದವರಿಗಾಗಿ ಸ್ವಲ್ಪ ವಿವರಿಸುತ್ತೇನೆ, ತಾವು ಮನ್ನಿಸಬೇಕು. ಹರ್ಬೇರಿಯಂ ಹಾಳೆ ಎಂದರೆ ಸುಮಾರು 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲದ ದಪ್ಪ ಕಾಗದ. ಎಲೆ, ಹೂವು, ಕಾಯಿ ಇರುವ ರೆಂಬೆಯನ್ನು, ಸಣ್ಣ ಗಿಡವಾದರೆ ಬೇರು ಸಹಿತ ಇಡೀ ಗಿಡವನ್ನು, ಸುದ್ದಿಪತ್ರಿಕೆಯ ಮಡಿಕೆಯಲ್ಲಿ ಹರಡಿ, ಮರದ ಪ್ರೆಸ್ಸಿನಲ್ಲಿ ಬಿಗಿದು, ಕಾಗದವನ್ನು ಮೊದಲ ದಿನಗಳಲ್ಲಿ ದಿನವೂ ಬದಲಿಸುತ್ತ ಒಣಗಿಸಿ, ಹುಳು ಹತ್ತದಂತೆ ಔಷಧ ಹಾಕಿ, ಆ ದಪ್ಪ ಕಾಗದಕ್ಕೆ ಅಂಟಿಸಿ, ಟೊಂಗೆ ದಪ್ಪಗಿದ್ದರೆ ದಾರದಿಂದ ಹೊಲಿಯುತ್ತಾರೆ. ಕೆಳಗೆ ಬಲಮೂಲೆಯಲ್ಲಿ ಒಂದು ಚೀಟಿ ಇರುತ್ತದೆ. ಗಿಡದ ಹೆಸರು, ಸಿಕ್ಕ ಊರು, ತಾರೀಖು, ಕಿತ್ತವರ ಹೆಸರು, ಅವರ ಕ್ರಮಸಂಖ್ಯೆ ಎಲ್ಲವೂ ಆ ಚೀಟಿಯಲ್ಲಿ. ಒಣಗಿದ ಮೇಲೆ ಹೂವಿನ ಬಣ್ಣವೂ ವಾಸನೆಯೂ ಉಳಿಯುವುದಿಲ್ಲವಾದ್ದರಿಂದ ಅವನ್ನೂ ಚೀಟಿಯೇ ಹೇಳಬೇಕು. ಹೊಲ ಎಲ್ಲಿದೆ, ಯಾರ ಹೆಸರಿಗಿದೆ, ಯಾವ ವರ್ಷ ಏನು ಬೆಳೆದಿತ್ತು ಎಂಬುದಕ್ಕೆ ನಮ್ಮ ಕಡೆಯ ರೈತರ ಬಳಿ ಉತಾರ ಇರುವಂತೆ, ಇಂಥ ಗಿಡ ಇಂಥ ಊರಿನಲ್ಲಿ ಇಂಥ ದಿನ ಹೂ ಬಿಟ್ಟು ನಿಂತಿತ್ತು ಎಂಬುದಕ್ಕೆ ಈ ಹಾಳೆ. ಚೀಟಿ ಹರಿದುಹೋದ ಹಾಳೆಯಲ್ಲಿ ಗಿಡ ಎಷ್ಟೇ ಚೆಂದಾಗಿ ಉಳಿದಿರಲಿ, ಅದು ಸಾಕ್ಷಿ ನುಡಿಯಲಾರದು.

ನಾನು ಬಹುಕಾಲ ಕೆಲಸ ಮಾಡಿದ ಕಾಲೇಜೊಂದರಲ್ಲಿ ಇಂಥ ಹಾಳೆಗಳ ಎರಡು ಕಪಾಟುಗಳಿದ್ದವು. ನನಗಿಂತ ಹಿಂದಿನ ಅಧ್ಯಾಪಕರು ಕಪ್ಪತಗುಡ್ಡ, ಕಲಘಟಗಿಯ ಕಾಡು, ಹಾನಗಲ್ಲ ಸುತ್ತಲಿನ ಕೆರೆದಂಡೆಗಳನ್ನು ತಿರುಗಿ ಸೇರಿಸಿದ್ದು ಒಂದು ಕಪಾಟು; ಪ್ರತಿ ವರ್ಷ ಪ್ರಾಯೋಗಿಕ ಪರೀಕ್ಷೆಗೆ ವಿದ್ಯಾರ್ಥಿಗಳು ತಂದೊಪ್ಪಿಸಿದವುಗಳಲ್ಲಿ ಚೆನ್ನಾಗಿದ್ದವನ್ನು ಆರಿಸಿ ಇಟ್ಟದ್ದು ಇನ್ನೊಂದು. ನನ್ನ ನಿವೃತ್ತಿಯ ಮರುವರ್ಷ, ತಪಾಸಣಾ ತಂಡ ಬರಲಿದೆಯೆಂದು, ಆ ಕೊಠಡಿಯನ್ನು ಕಂಪ್ಯೂಟರ್ ಪ್ರಯೋಗಾಲಯ ಮಾಡಿದರು. ಕಪಾಟುಗಳು ಕಚೇರಿಯ ಕಡತಗಳಿಗೆ ಬೇಕಾದವು, ಹಾಳೆಗಳ ಕಟ್ಟುಗಳು ಮೆಟ್ಟಿಲ ಕೆಳಗೆ ಬಂದವು. ಶ್ರಾವಣದ ಜಿಟಿಜಿಟಿ ಮಳೆಗೆ ಆ ಮೂಲೆ ಸೋರಿತು. ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ ತಿಳಿಸಿ, ನಾನು ಹೋಗಿ ನೋಡುವ ಹೊತ್ತಿಗೆ, ಎಷ್ಟೋ ಕಟ್ಟುಗಳು ಬೂಸ್ಟು ಹಿಡಿದು ಹಾಳೆಗೆ ಹಾಳೆ ಅಂಟಿ ಹಲಗೆಯಂತಾಗಿದ್ದವು, ಇನ್ನೊಂದಷ್ಟನ್ನು ರದ್ದಿಯವರಿಗೆ ತೂಕಕ್ಕೆ ಕೊಟ್ಟಾಗಿತ್ತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ ಕೆಲಸವೆಂದು ನಾನು ಹೇಳಲಾರೆ. ಅವು ಏನೆಂದು ತಿಳಿಸಿ ಹೇಳುವವರು ಆ ದಿನ ಅಲ್ಲಿರಲಿಲ್ಲ. ವರ್ಗೀಕರಣ ಬಲ್ಲ ಅಧ್ಯಾಪಕರು ನಿವೃತ್ತರಾದ ಮೇಲೆ ಆ ಜಾಗ ತುಂಬದೆ ಉಳಿದ ಕಾಲೇಜುಗಳನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ.

ನಾಲ್ಕು ಕಟ್ಟುಗಳನ್ನು ಮನೆಗೆ ತಂದು, ನೆರಳಲ್ಲಿ ಒಂದೊಂದಾಗಿ ಬಿಡಿಸಿ ಒಣಗಿಸಿದೆ. ಅದರಲ್ಲಿಯ ಒಂದು ಹಾಳೆ ಈಗಲೂ ನನ್ನ ಮೇಜಿನ ಮೇಲಿದೆ. ದಿಂಡಿಗ ಮರದ ರೆಂಬೆ, ಎಲೆಗಳು ಕಂದಾಗಿವೆ, ಅಂಗಿಯ ಗುಂಡಿಯಷ್ಟು ದೊಡ್ಡ ಕಾಯಿಗೊಂಚಲುಗಳು ಮಾತ್ರ ಕಿತ್ತ ದಿನದಂತೆಯೇ ಗಟ್ಟಿಯಾಗಿವೆ. ಚೀಟಿಯ ಎಡಭಾಗವನ್ನು ಹುಳು ತಿಂದಿದೆ. ಉಳಿದಿರುವುದು ‘ತಗುಡ್ಡ’ ಎಂಬ ಮೂರು ಅಕ್ಷರ, ಮಸಿ ಹರಡಿದ ಒಂದು ಸಂಖ್ಯೆ, ಅಷ್ಟೆ. ಕಿತ್ತವರ ಹೆಸರಿಲ್ಲ, ತಾರೀಖಿಲ್ಲ. ಹಾಳೆಯನ್ನು ತಿರುವಿದರೆ ಹಿಂದೆ ಹಳೆಯ ಕನ್ನಡ ದಿನಪತ್ರಿಕೆಯ ಒಂದು ಚೂರು ಅಂಟಿಕೊಂಡಿದೆ, ಹತ್ತಿಯ ಪೇಟೆ ಧಾರಣೆ ಅಚ್ಚಾದ ಮೂಲೆ, ಅದರ ಮೇಲೆ ತಾರೀಖಿನ ಅರ್ಧ. ಆ ಚೂರಿನಿಂದ ನಾನು ವರ್ಷವನ್ನು ಊಹಿಸಲು ಹೋದೆ. ಆದರೆ ಗಿಡ ಒಣಗಿಸಲು ಜನ ಮನೆಯಲ್ಲಿ ವರ್ಷಗಟ್ಟಲೆ ಬಿದ್ದ ಪತ್ರಿಕೆಯನ್ನೂ ಬಳಸುತ್ತಾರೆ. ಹಾಗಾಗಿ ಆ ರೆಂಬೆ ಪತ್ರಿಕೆ ಅಚ್ಚಾದ ದಿನಕ್ಕಿಂತ ಮೊದಲು ಒಣಗಿದ್ದಲ್ಲ ಎಂಬುದರಾಚೆಗೆ ಏನನ್ನೂ ಹೇಳಲು ಬರುವುದಿಲ್ಲ. ದಿಂಡಿಗದ ಶಾಸ್ತ್ರೀಯ ಹೆಸರು ಕೂಡ ಈಚೆಗೆ ಬದಲಾಗಿದೆ. ನಾವು ಅನೋಗೈಸಸ್ ಲ್ಯಾಟಿಫೋಲಿಯಾ ಎಂದು ಕಲಿಸುತ್ತಿದ್ದುದನ್ನು 2017ರಲ್ಲಿ ಮತ್ತಿ ಮರದ ಕುಲಕ್ಕೆ ಸೇರಿಸಿ ಟರ್ಮಿನೇಲಿಯಾ ಅನೋಗೈಸಿಯಾನಾ ಎಂದು ಕರೆದರು. ಹೆಸರು ಬದಲಾದಾಗ ಹಳೆಯ ಚೀಟಿಯನ್ನು ಕಿತ್ತೆಸೆಯದೆ ಪಕ್ಕದಲ್ಲಿ ಹೊಸ ಚೀಟಿ ಅಂಟಿಸುವುದು ಹರ್ಬೇರಿಯಂಗಳ ಪದ್ಧತಿ. ಊರು ಮತ್ತು ತಾರೀಖು ಒಮ್ಮೆ ಹೋದರೆ ಪಕ್ಕದಲ್ಲಿ ಅಂಟಿಸಲು ಏನೂ ಇರುವುದಿಲ್ಲ.

ಇನ್ನು ಹೊರಗೆ ಹೋಗಿರುವ ಹಾಳೆಗಳ ವಿಚಾರ. 1956ರವರೆಗೆ ನಮ್ಮ ಸೀಮೆ ಮುಂಬೈ ಆಡಳಿತದಲ್ಲಿತ್ತು. ಆದ್ದರಿಂದ ನಮ್ಮ ಹಳೆಯ ಗಿಡಗಳನ್ನು ಬೆಂಗಳೂರಿನಲ್ಲಿ ಹುಡುಕಿದರೆ ಪ್ರಯೋಜನ ಕಡಿಮೆ. ಅವು ಪುಣೆ, ಮುಂಬೈ, ಹೌರಾ ಮತ್ತು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ದಾರಿ ಹಿಡಿದವು. ತಮ್ಮ ಸಂಸ್ಥೆ 1890ರಲ್ಲಿ ಆರಂಭವಾದಾಗ ಪಶ್ಚಿಮ ಭಾಗದ ಹೊಣೆ ಪುಣೆಯ ವಿಜ್ಞಾನ ಕಾಲೇಜಿನ ಪ್ರಾಚಾರ್ಯರಾಗಿದ್ದ ಥಿಯೋಡರ್ ಕುಕ್ ಅವರದಾಗಿತ್ತು. ಅವರು 1901ರಿಂದ 1908ರ ನಡುವೆ ಕಂತುಕಂತಾಗಿ ಹೊರತಂದ ಮುಂಬೈ ಪ್ರಾಂತ್ಯದ ಸಸ್ಯಸಂಪುಟಗಳನ್ನು ನಾನು ವಿದ್ಯಾರ್ಥಿಯಾಗಿದ್ದಾಗಿನಿಂದ ಬಳಸಿದ್ದೇನೆ. ಅದರಲ್ಲಿ ನಮ್ಮ ನೆಲಕ್ಕೆ ಇರುವ ಹೆಸರು ‘ಎಸ್. ಎಂ. ಕಂಟ್ರಿ’, ಅಂದರೆ ದಕ್ಷಿಣ ಮರಾಠಾ ಸೀಮೆ. ಮುಂದೆ 20ನೇ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐಸಿಎಸ್‌ನ ಅಧಿಕಾರಿ ಸೆಜ್‌ವಿಕ್ ಮತ್ತು ಅರಣ್ಯಾಧಿಕಾರಿ ಬೆಲ್ ಧಾರವಾಡ ಮತ್ತು ಉತ್ತರ ಕನ್ನಡದ ತುಂಬ ತಿರುಗಿ ಗಿಡಗಳನ್ನು ಸಂಗ್ರಹಿಸಿದರು. ಪುಣೆಯಲ್ಲಿ ತಮ್ಮ ಪಶ್ಚಿಮ ಪ್ರಾದೇಶಿಕ ಕೇಂದ್ರ 1955ರಲ್ಲಿ ಸ್ಥಾಪನೆಯಾಯಿತು. ಹೌರಾದ ಕೇಂದ್ರೀಯ ರಾಷ್ಟ್ರೀಯ ಹರ್ಬೇರಿಯಂನಲ್ಲಿ ಸುಮಾರು 20 ಲಕ್ಷ ಹಾಳೆಗಳಿವೆ. ಅಷ್ಟರಲ್ಲಿ ನಮ್ಮವು ಎಷ್ಟು, ಯಾವ ಊರಿನವು ಎಂದು ಕೇಳಿದರೆ ಗದಗಿನ ಯಾವ ಅಧ್ಯಾಪಕರೂ ಇಂದು ಉತ್ತರ ಹೇಳಲಾರರು.

ತಮ್ಮ ಸಂಸ್ಥೆಯೇ 2022ರಲ್ಲಿ ಇಂಡಿಯನ್ ವರ್ಚುವಲ್ ಹರ್ಬೇರಿಯಂ ತೆರೆದು, ಒಂದು ಲಕ್ಷಕ್ಕೂ ಮಿಕ್ಕ ಹಾಳೆಗಳ ಚಿತ್ರಗಳನ್ನು ಎಲ್ಲರೂ ನೋಡುವಂತೆ ಮಾಡಿದ್ದು ದೊಡ್ಡ ಉಪಕಾರ. ಹೌರಾಕ್ಕೆ ಹೋಗಿ ಬರುವ ಶಕ್ತಿ ನಮ್ಮ ಹುಡುಗರಿಗೆ ಎಲ್ಲಿಂದ ಬರಬೇಕು! ಆದರೆ ಚಿತ್ರ ಇದ್ದರೆ ಸಾಲದು, ಹುಡುಕುವವನ ಕೈಗೆ ಅದು ಸಿಗಬೇಕು. ಗದಗ ಮತ್ತು ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕಿಂತ ಹಿಂದೆ ಮುಂಡರಗಿಯಲ್ಲಿ ಕಿತ್ತ ಗಿಡದ ಚೀಟಿಯಲ್ಲೂ, ರಾಣೆಬೆನ್ನೂರಿನಲ್ಲಿ ಕಿತ್ತದ್ದರಲ್ಲೂ ಜಿಲ್ಲೆಯ ಹೆಸರು ಧಾರವಾಡ ಎಂದೇ ಇರುತ್ತದೆ. ಆ ಧಾರವಾಡದ ಕೊನೆಯ ಅಕ್ಷರವೂ ಆಂಗ್ಲರ ಬರವಣಿಗೆಯಲ್ಲಿ ಇಂದಿನಂತೆ ‘ಡಿ’ ಆಗಿರದೆ ‘ಆರ್’ ಆಗಿತ್ತು. ಹುಬ್ಬಳ್ಳಿ ‘ಹುಬ್ಲಿ’ ಆಗಿತ್ತು, ಡಂಬಳ ‘ಡಮ್ಮಲ್’ ಆಗಿತ್ತು. ಚೀಟಿಯಲ್ಲಿದ್ದ ಊರನ್ನು ಇಂದಿನ ತಾಲ್ಲೂಕಿಗೆ, ಜಿಲ್ಲೆಗೆ ಯಾರಾದರೂ ಕುಳಿತು ಜೋಡಿಸದ ಹೊರತು, ಗದಗ ಎಂದು ಹುಡುಕುವ ಸಂಶೋಧನಾ ವಿದ್ಯಾರ್ಥಿಗೆ ತನ್ನ ಜಿಲ್ಲೆಯ ಹಳೆಯ ಗಿಡ ಒಂದೂ ಸಿಗಲಾರದು. ಸಿಗದಿದ್ದಾಗ ಆ ಗಿಡ ಇಲ್ಲಿ ಇರಲೇ ಇಲ್ಲವೆಂದು ಅವನು ಬರೆಯುತ್ತಾನೆ.

ಅದರಿಂದ ಆಗುವ ನಷ್ಟವೇನೆಂದು ಕೇಳುವವರಿಗೆ ಎರೆಹೊಲದ ಒಂದು ಸೊಪ್ಪಿನ ಉದಾಹರಣೆ ಕೊಡುತ್ತೇನೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಬಿಳಿಜೋಳದ ಸಾಲುಗಳ ನಡುವೆ ಹಕ್ಕರಕಿ ಹಬ್ಬಿರುತ್ತಿತ್ತು. ಚರಗ ಚೆಲ್ಲಲು ಹೋದವರು ಅಲ್ಲೇ ಕಿತ್ತು, ತೊಳೆದು, ರೊಟ್ಟಿಯ ಮೇಲಿಟ್ಟು ಹಸಿಯದನ್ನೇ ತಿನ್ನುತ್ತಿದ್ದರು. ನರಗುಂದ, ನವಲಗುಂದದ ಕಡೆ ಈಗ ಅದನ್ನು ಹುಡುಕಿಕೊಂಡು ಹೋಗಬೇಕಾಗಿದೆ ಎಂದು ನನಗೆ ತೋರುತ್ತದೆ, ನಮ್ಮ ಮನೆಯ ಹಿರಿಯರೂ ಹೇಳುತ್ತಾರೆ. ಕಳೆನಾಶಕದಿಂದಲೋ, ಬೆಳೆ ಬದಲಾದದ್ದರಿಂದಲೋ, ಇಲ್ಲ ನಮ್ಮ ನೆನಪೇ ಹಳೆಯದನ್ನು ದೊಡ್ಡದು ಮಾಡುತ್ತಿದೆಯೋ ಹೇಳಬೇಕಾದರೆ, ಯಾವ ವರ್ಷ ಯಾವ ಊರಿನಲ್ಲಿ ಅದನ್ನು ಕಿತ್ತಿದ್ದರು ಎಂಬ ಹಾಳೆಗಳು ಬೇಕು. ಎದುರು ದಿಕ್ಕಿನ ಪ್ರಶ್ನೆಯೂ ಇದೆ. ಕಾಂಗ್ರೆಸ್ ಕಸ ಎಂದು ನಾವು ಕರೆಯುವ ಪಾರ್ಥೇನಿಯಂ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1950ರ ದಶಕದ ಮಧ್ಯದಲ್ಲಿ. ಅದು ರೈಲಿನ ದಾರಿಯಲ್ಲಿ ಹುಬ್ಬಳ್ಳಿಗೆ ಯಾವಾಗ ಇಳಿಯಿತು, ಅಲ್ಲಿಂದ ಎರೆಹೊಲಗಳಿಗೆ ಯಾವ ವರ್ಷ ದಾಟಿತು ಎಂಬುದನ್ನು ಹೇಳಬಲ್ಲದ್ದು ತಾರೀಖಿರುವ ಹಾಳೆಗಳ ಸಾಲು ಮಾತ್ರ. ಆ ಕಾಲದ ಯಾವನೋ ವಿದ್ಯಾರ್ಥಿ ಅಂಕಕ್ಕಾಗಿ ಒಣಗಿಸಿಟ್ಟ ಕಳೆಯ ರೆಂಬೆಗೆ ಹೀಗೆ ಬೆಲೆ ಬರುತ್ತದೆ. ಆದ್ದರಿಂದಲೇ ವಿದ್ಯಾರ್ಥಿಗಳ ಹಾಳೆಗಳನ್ನು ಕಸವೆಂದು ಬಗೆಯಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಕಿತ್ತವರು ಕನಸಿನಲ್ಲೂ ಎಣಿಸಿರದ ಉಪಯೋಗಕ್ಕೆ ಹಾಳೆಗಳು ಬಂದಿವೆ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಗೆ ಅಂಗಮಾರಿ ಬಿದ್ದು, ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಆ ರೋಗಕ್ಕೆ ಕಾರಣವಾದ ಜೀವಿಯ ತಳಿ ಯಾವುದೆಂಬುದು 2013ರಲ್ಲಿ ಗೊತ್ತಾಯಿತು. ಗೊತ್ತಾದದ್ದು ಕ್ಯೂ ಮತ್ತು ಮ್ಯೂನಿಕ್ಕಿನ ಹರ್ಬೇರಿಯಂಗಳಲ್ಲಿ 19ನೇ ಶತಮಾನದಿಂದ ಉಳಿದುಬಂದಿದ್ದ ರೋಗ ತಗುಲಿದ ಆಲೂಗಡ್ಡೆ ಎಲೆಗಳಿಂದ, ಅವುಗಳಲ್ಲಿ ಇನ್ನೂ ಓದಬಹುದಾಗಿದ್ದ ಡಿಎನ್‌ಎಯಿಂದ. ಧಾರವಾಡ ಸುತ್ತಲಿನ ಮಸಾರಿ ಹೊಲಗಳಲ್ಲಿ ಮುಂಗಾರಿನ ಆಲೂಗಡ್ಡೆ ಬೆಳೆಯುವವರಿಗೆ ಅಂಗಮಾರಿ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ರೋಗ ಬಿದ್ದ ನಮ್ಮ ಎಲೆಗಳನ್ನು ಯಾರಾದರೂ ಒಣಗಿಸಿ ಇಟ್ಟಿದ್ದಾರೆಯೇ? ನಾವಂತೂ ನಮ್ಮ ವಿದ್ಯಾರ್ಥಿಗಳಿಗೆ ರೋಗವಿಲ್ಲದ, ತೂತಿಲ್ಲದ ಎಲೆಯನ್ನೇ ತರಬೇಕೆಂದು ಹೇಳುತ್ತಿದ್ದೆವು.

ಪ್ರತಿಗಳ ಬಗ್ಗೆಯೂ ಹೇಳಬೇಕು. ಬ್ರೆಜಿಲ್ಲಿನ ರಿಯೊ ಡಿ ಜನೈರೊದಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ 2018ರ ಸೆಪ್ಟೆಂಬರ್ 2ರ ರಾತ್ರಿ ಹೊತ್ತಿ ಉರಿಯಿತು. ಅರಮನೆಯಂಥ ಕಟ್ಟಡದೊಳಗಿದ್ದ ಬಹುಪಾಲು ಸಂಗ್ರಹ ಬೂದಿಯಾಯಿತು, ಹರ್ಬೇರಿಯಂ ಮಾತ್ರ ಉಳಿಯಿತು, ಅದು ಬೇರೆ ಕಟ್ಟಡದಲ್ಲಿತ್ತು ಎಂಬ ಒಂದೇ ಕಾರಣಕ್ಕೆ. ಬರ್ಲಿನ್ನಿನ ಡಾಲೆಮ್ ಹರ್ಬೇರಿಯಂಗೆ ಆ ಭಾಗ್ಯವಿರಲಿಲ್ಲ. 1943ರ ಮಾರ್ಚ್ ತಿಂಗಳ ಬಾಂಬ್ ದಾಳಿಯಲ್ಲಿ ಅದರ ಬಹುಭಾಗ ಸುಟ್ಟುಹೋಯಿತು. ಅಲ್ಲಿದ್ದ ಎಷ್ಟೋ ಮೂಲ ಮಾದರಿಗಳು (ಹೊಸ ಗಿಡಕ್ಕೆ ಹೆಸರಿಡುವಾಗ ಆಧಾರವಾದ ಹಾಳೆಗಳು) ಹೇಗಿದ್ದವು ಎಂಬುದಕ್ಕೆ ಇಂದು ಉಳಿದಿರುವ ಆಧಾರ, 1929ರಿಂದ ಮುಂದೆ ಶಿಕಾಗೊದ ಫೀಲ್ಡ್ ಮ್ಯೂಸಿಯಂನ ಮ್ಯಾಕ್‌ಬ್ರೈಡ್ ಎಂಬವರು ಯುರೋಪಿನ ಹರ್ಬೇರಿಯಂಗಳನ್ನು ಸುತ್ತಿ ತೆಗೆದಿದ್ದ ಫೋಟೊಗಳು. ಯುದ್ಧ ಬರುವುದೆಂದು ತಿಳಿದು ತೆಗೆದ ಫೋಟೊಗಳಲ್ಲ ಅವು. ಅಮೆರಿಕದ ವಿದ್ಯಾರ್ಥಿಗಳು ಅಷ್ಟು ದೂರ ಹೋಗದೆ ನೋಡಲಿ ಎಂದು ತೆಗೆದವು. ಒಂದೇ ಗಿಡದಿಂದ ನಾಲ್ಕಾರು ಹಾಳೆ ಮಾಡಿ ಬೇರೆ ಬೇರೆ ಊರುಗಳ ಹರ್ಬೇರಿಯಂಗಳಿಗೆ ಹಂಚುವ ಹಳೆಯ ರೂಢಿಯ ಹಿಂದೆಯೂ ಇದೇ ವಿವೇಕವಿದೆ. ನಮ್ಮ ಮೆಟ್ಟಿಲ ಕೆಳಗಿನ ಕಟ್ಟುಗಳಿಗೆ ಪ್ರತಿಯೂ ಇರಲಿಲ್ಲ, ಫೋಟೊ ಕೂಡ ಇರಲಿಲ್ಲ.

ಈಗ ಕೋರಿಕೆಗಳನ್ನು ವಿವರವಾಗಿ ಹೇಳುತ್ತೇನೆ. ವರ್ಚುವಲ್ ಹರ್ಬೇರಿಯಂನಲ್ಲಿ ಹಳೆಯ ಧಾರವಾಡ ಜಿಲ್ಲೆಯ ಹಾಳೆಗಳ ಚೀಟಿಗಳನ್ನು ಇಂದಿನ ಜಿಲ್ಲೆ, ತಾಲ್ಲೂಕು, ಊರುಗಳಿಗೆ ಜೋಡಿಸುವ ಕೆಲಸಕ್ಕೆ ತಮ್ಮ ಸಿಬ್ಬಂದಿಯ ಹೊತ್ತು ಸಾಲದೆಂದು ನಾನು ಬಲ್ಲೆ. ಆ ಕೆಲಸಕ್ಕೆ ನಮ್ಮನ್ನು ಬಳಸಿಕೊಳ್ಳಿ. ‘ಡಮ್ಮಲ್’ ಎಂದರೆ ಡಂಬಳ ಎಂದು ನೋಡಿದೊಡನೆ ತಿಳಿಯುವ, ಮನೆಯಲ್ಲಿ ಕಂಪ್ಯೂಟರ್ ಇರುವ, ಹೊತ್ತು ಇರುವ ನಿವೃತ್ತ ಅಧ್ಯಾಪಕರು ಈ ಮೂರು ಜಿಲ್ಲೆಗಳಲ್ಲಿದ್ದಾರೆ. ಚೀಟಿಯ ಚಿತ್ರ ಕಳಿಸಿದರೆ ಓದಿ, ಊರನ್ನು ಗುರುತಿಸಿ, ಕನ್ನಡದಲ್ಲಿ ಬರೆದುಕೊಡಲು ನಾನು ಮತ್ತು ನನ್ನ ಕೆಲವು ಗೆಳೆಯರು ಸಂಬಳವಿಲ್ಲದೆ ಸಿದ್ಧರಿದ್ದೇವೆ. ತಪ್ಪನ್ನು ತಿದ್ದುವ ಅಧಿಕಾರ ತಮ್ಮಲ್ಲೇ ಇರಲಿ.

ಹೀಗೆ ಊರು ಜೋಡಿಸುವಾಗ ಒಂದು ಎಚ್ಚರಿಕೆ ಬೇಕು. ಬೇರಿಗಾಗಿ, ಗಡ್ಡೆಗಾಗಿ ಅಗೆದೊಯ್ಯುವ ಔಷಧಿ ಗಿಡಗಳು ಕಪ್ಪತಗುಡ್ಡದ ಯಾವ ಕೊಳ್ಳದಲ್ಲಿವೆ ಎಂದು ಜಗತ್ತಿಗೆಲ್ಲ ಸಾರುವುದನ್ನು ನಾನು ಒಪ್ಪಲಾರೆ. ಆ ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಲು ಇಲ್ಲಿಯ ಜನ ಮತ್ತು ಮಠಾಧೀಶರು ಎಷ್ಟು ಹೋರಾಡಿದರೆಂದು ನಾಡಿಗೆ ಗೊತ್ತಿದೆ. ಅಂಥ ಗಿಡಗಳ ಮಟ್ಟಿಗೆ ತಾಲ್ಲೂಕಿನ ಹೆಸರನ್ನಷ್ಟೇ ಕೊಟ್ಟು, ಊರನ್ನು ಸಂಶೋಧಕರು ಬರೆದು ಕೇಳಿದಾಗ ಮಾತ್ರ ತಿಳಿಸಿದರೆ ಸಾಕು.

ಎರಡನೆಯ ಕೋರಿಕೆ ಹೆಚ್ಚು ಅವಸರದ್ದು. ಪುಣೆಯ ಕೇಂದ್ರದಿಂದ ಇಬ್ಬರು ತಜ್ಞರು ಒಂದು ಬೇಸಿಗೆ ರಜೆಯ ಕಾಲದಲ್ಲಿ ಈ ಕಡೆ ಬಂದು, ಸಸ್ಯಶಾಸ್ತ್ರ ವಿಭಾಗವಿರುವ ಅಥವಾ ಹಿಂದೆ ಇದ್ದ ಪದವಿ ಕಾಲೇಜುಗಳ ಕಪಾಟುಗಳನ್ನು ತೆರೆಸಿ ನೋಡಬೇಕು. ಚೀಟಿ ಇರುವ ಹಾಳೆಗಳನ್ನು ಮೊದಲು ಫೋಟೊ ತೆಗೆಸಬೇಕು. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕೆಲವು ದಿನ ಇಟ್ಟರೆ ಜೀರುಂಡೆಗಳು ಮೊಟ್ಟೆ ಸಹಿತ ಸಾಯುತ್ತವೆ. ಅದಕ್ಕೆ ಬೇಕಾದ ಫ್ರೀಜರ್ ಧಾರವಾಡದಂಥ ಊರಿನಲ್ಲಿ ಸಿಗದ ವಸ್ತುವಲ್ಲ. ಆ ಮೇಲೆ ಮುಖ್ಯವಾದವುಗಳು ಪುಣೆಗೆ ಹೋಗಲಿ, ಎರಡನೆಯ ಪ್ರತಿಗಳು ಧಾರವಾಡದಲ್ಲೇ ಉಳಿಯಲಿ. ಕರ್ನಾಟಕ ವಿಶ್ವವಿದ್ಯಾಲಯವೂ ಕೃಷಿ ವಿಶ್ವವಿದ್ಯಾಲಯವೂ ಇರುವ ಊರು ಅದು. ಜಾಗ ಕೊಡಿರೆಂದು ತಾವು ಒಂದು ಪತ್ರ ಬರೆದರೆ ನಮ್ಮ ಹತ್ತು ಮನವಿಗಳಿಗಿಂತ ಅದಕ್ಕೆ ತೂಕ ಹೆಚ್ಚು.

ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯ್ತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಸಿದ್ಧಪಡಿಸಬೇಕಾದ, ಊರಿನ ಗಿಡ, ಪ್ರಾಣಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆಗಳಿಗೂ ಇದರಿಂದ ಬಲ ಬರುತ್ತದೆ. ಬರಿಯ ಹೆಸರುಗಳ ಪಟ್ಟಿ ಮೋಸ ಮಾಡುತ್ತದೆ. ದಸರೆಗೆ ನಾವು ಮುಡಿಯುವ, ಹಂಚುವ ಬನ್ನಿಯನ್ನೇ ನೋಡಿ: ಆ ಹೆಸರು ಪ್ರೊಸೋಪಿಸ್ ಸಿನರೇರಿಯಾಕ್ಕೂ ಇದೆ, ಅಕೇಶಿಯಾ ಫೆರುಜೀನಿಯಾಕ್ಕೂ ಇದೆ. ಶಂಖಪುಷ್ಪಿ ಎಂದು ನಾಟಿ ವೈದ್ಯರು ಹೇಳುವ ಗಿಡ ಊರಿನಿಂದ ಊರಿಗೆ ಬೇರೆ. ಪಟ್ಟಿಯ ಒಂದೊಂದು ಹೆಸರಿಗೂ ಒಂದೊಂದು ಹಾಳೆ ಹಿಂದಿದ್ದರೆ ಮುಂದೆ ಯಾರಿಗೂ ಸಂಶಯ ಬಾರದು.

ಪ್ರಾಚಾರ್ಯರಲ್ಲಿ ನನ್ನ ಬೇಡಿಕೆ ಚಿಕ್ಕದು. ತಜ್ಞರು ಬಂದು ನೋಡುವವರೆಗೆ ಹಾಳೆಗಳ ಕಟ್ಟುಗಳನ್ನು ಹೊರಗೆ ಹಾಕಬೇಡಿರಿ. ನೆಲದಿಂದ ಮೇಲೆ, ಸೋರದ ಕೋಣೆಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನುಸಿಗುಳಿಗೆ ಹಾಕಿಟ್ಟರೆ ಸದ್ಯಕ್ಕೆ ಸಾಕು. ಚೀಟಿಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಲು ಒಬ್ಬ ವಿದ್ಯಾರ್ಥಿಗೆ ಎರಡು ಮಧ್ಯಾಹ್ನ ಸಾಕಾಗುತ್ತದೆ.

ನಿರ್ದೇಶಕರೇ, ನಾನು ಉಳಿಸಿಕೊಂಡ ನಾಲ್ಕು ಕಟ್ಟುಗಳು ನಮ್ಮ ಮನೆಯ ಟ್ರಂಕಿನಲ್ಲಿವೆ. ಚೀಟಿ ಪೂರ್ತಿ ಇರುವವನ್ನು ಮೇಲೆ, ಅರ್ಧ ಹೋದವನ್ನು ನಡುವೆ, ಏನೂ ಇಲ್ಲದವನ್ನು ಕೆಳಗೆ ಇಟ್ಟು, ಪ್ರತಿ ಹಾಳೆಗೂ ಪೆನ್ಸಿಲಿನಲ್ಲಿ ಸಂಖ್ಯೆ ಬರೆದು, ಒಂದು ನೋಟ್‌ಬುಕ್ಕಿನಲ್ಲಿ ಯಾದಿ ಮಾಡಿದ್ದೇನೆ. ಪುಣೆಯ ಕೇಂದ್ರದವರು ಇವನ್ನು ನೋಡಲು ಒಪ್ಪಿ ಒಂದು ದಿನವನ್ನು ತಿಳಿಸಿದರೆ, ನಾನೇ ಹುಬ್ಬಳ್ಳಿಯಿಂದ ರೈಲಿನಲ್ಲಿ ತಂದು ಒಪ್ಪಿಸುತ್ತೇನೆ. ಮಳೆಗಾಲಕ್ಕೆ ಮೊದಲಾದರೆ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ,
ಗದಗ